ಟಿಕೆಟ್ ಇಲ್ಲದ ನೀರು

“ಇನ್ನು ಮೇಲೆ ಈ ಮನೇಲಿ ಒಂದು ತೊಟ್ಟು ನೀರೂ ನನ್ನ ಕಣ್ಣು ತಪ್ಪಿಸಿ ತೊಟ್ಟಿಗೆ ಇಳಿಯೋ ಹಾಗಿಲ್ಲ” ಎಂದು ಟೀಸಿ ಸಾಹೇಬರು ನಡುಮನೆಯಲ್ಲಿ ನಿಂತು ಸಾರಿದರು.

ಕೇಳಿಸಿಕೊಂಡವರು ಹೆಂಡತಿ, ಎರಡು ಪಟ್ಟೆಮೀನು ಮತ್ತು ಪುಟ್ಟಕ್ಕ. ಪುಟ್ಟಕ್ಕ ಎಂದರೆ ಹವಳ, ಜೀವಂತ ಹವಳ. ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಕಲ್ಲಿನ ಮೇಲೆ ಕೂತು, ಬೆಳಿಗ್ಗೆ ದೀಪ ಹಾಕಿದ ಕೂಡಲೇ ಬೆರಳು ಬಿಚ್ಚಿ ಆಡಿಸುತ್ತಿದ್ದಳು. ತನ್ನ ಹೊಲಿಗೆ ಯಂತ್ರವನ್ನು ಎತ್ತಿಸಿ ಆ ಜಾಗಕ್ಕೆ ತೊಟ್ಟಿ ತಂದಿಟ್ಟಾಗ ಮುಖ ಊದಿಸಿಕೊಂಡಿದ್ದ ಹೆಂಡತಿಯೇ ಆಮೇಲೆ ಅವಳಿಗೆ ಹೆಸರಿಟ್ಟು, ದಿನಾ ಕಾಫಿ ಲೋಟ ಹಿಡಿದು ಅವಳೆದುರು ಕೂರುವಷ್ಟು ಸೋತುಹೋಗಿದ್ದಳು. ಅಂಥ ಪುಟ್ಟಕ್ಕ ಈಗ ಬೆರಳೆಲ್ಲ ಮಡಚಿಕೊಂಡು, ಬಣ್ಣಗೆಟ್ಟು, ಮುದುಡಿ ಕೂತಿದ್ದಳು. ಹೆಂಡತಿಗೆ ಊಟ ಸೇರುತ್ತಿರಲಿಲ್ಲ.

“ಸತ್ತೋಗ್ತಾಳೇನ್ರೀ?”

“ನಾನಿರೋವಾಗಲಾ?”

ಸಾಹೇಬರ ಉದ್ಯೋಗ ರೈಲಿನಲ್ಲಿ ಟಿಕೆಟ್ ತಪಾಸಣೆ. ಅದು ಅವರ ರಕ್ತಕ್ಕೇ ಇಳಿದಿತ್ತು. ತರಕಾರಿಯವಳ ತಕ್ಕಡಿ, ಎದುರುಮನೆಯವರ ನಗು, ಹವಾಮಾನ ವರದಿ, ಎಲ್ಲವೂ ಅವರ ಲೆಕ್ಕದಲ್ಲಿ ಟಿಕೆಟ್ ಇಲ್ಲದೆ ಹತ್ತಿದವೇ. ಅಡುಗೆಮನೆಯ ನೀರಿನ ಫಿಲ್ಟರಿನಲ್ಲಿ ಕೆಂಪು ದೀಪ ಹತ್ತಿಕೊಂಡಾಗ, “ಒಳಗಿನ ಸಾಮಾನು ಬದಲಾಯಿಸಿ ಅಂತ ನಮ್ಮ ತಲೆ ಬೋಳಿಸೋ ಉಪಾಯ ಇದು” ಎಂದು ಅದರ ಮೇಲೊಂದು ಕಪ್ಪು ಟೇಪು ಅಂಟಿಸಿ ನಿಶ್ಚಿಂತರಾಗಿದ್ದರು. ಮನೆಮಂದಿ ಕುಡಿಯುವುದೂ ಆ ಫಿಲ್ಟರಿನ ನೀರೇ, ಉಪ್ಪು ಕದಡಿ ತೊಟ್ಟಿಗೆ ಸುರಿಯುವುದೂ ಅದೇ.

ಅಕ್ವೇರಿಯಂ ಅಂಗಡಿಯಿಂದ ಟೆಸ್ಟ್ ಕಿಟ್ಟಿನ ಡಬ್ಬಿ ಬಂತು. ಗಾಜಿನ ಕೊಳವೆಗೆ ನೀರು ತುಂಬಿ ಔಷಧಿ ಹನಿಸಬೇಕು. ನೀರು ಕೆಂಪಾದಷ್ಟೂ ನೈಟ್ರೇಟ್ ಎಂಬ ಕೊಳೆ ಹೆಚ್ಚು. ತೊಟ್ಟಿಯ ನೀರು ಕೆಂಪಗಾಯಿತು. ಹೆಂಡತಿಯ ಮುಖ ಬಿಳಿಚಿಕೊಂಡಿತು.

“ಅವಸರ ಪಡಬೇಡ” ಎಂದರು ಸಾಹೇಬರು. “ಇದು ಹೇಳಿದ್ದನ್ನ ನಂಬೋಕೆ ಮುಂಚೆ ಇದರ ಟಿಕೆಟ್ ನೋಡ್ಬೇಕು. ಫಿಲ್ಟರ್ ನೀರು ತಾ. ಶುದ್ಧವಾದ ನೀರು, ಬಣ್ಣ ತಿರುಗಬಾರದು.”

ಅದೂ ಕೆಂಪಗಾಯಿತು. ಸಾಹೇಬರಿಗೆ ಕಳ್ಳನ ಕುತ್ತಿಗೆಪಟ್ಟಿಗೇ ಕೈ ಹಾಕಿದ ಸಂತೋಷ.

“ಸಿಕ್ಕಿಬಿದ್ದ ನೋಡು. ಶುದ್ಧ ನೀರಿಗೇ ಕೊಳೆ ಅಂತಾನೆ.”

ಡಬ್ಬಿ ಸಸ್ಪೆಂಡಾಗಿ ಕಪಾಟಿನ ಮೂಲೆ ಸೇರಿತು. ಇನ್ನೊಂದು ಕಂಪನಿಯದು ಬಂತು. ಅದೂ ಫಿಲ್ಟರ್ ನೀರಿನ ಮೇಲೆ ಅದೇ ಚಾಡಿ ಹೇಳಿ, ಅದೇ ಮೂಲೆ ಸೇರಿತು. ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಮೀಟರ್ ಬಂತು. ಅದು ಬಣ್ಣದ ಗೊಡವೆಗೇ ಹೋಗದೆ ನೇರವಾಗಿ ಬೈಯಿತು.

ಅಂಗಡಿಯವನು ಮೆಲ್ಲಗೆ ಕೇಳಿದ. “ಸಾರ್, ಮನೇಲಿರೋ ಫಿಲ್ಟರನ್ನ ಯಾರಿಗಾದ್ರೂ ತೋರಿಸಿದ್ರಾ?”

ಸಾಹೇಬರ ಕಣ್ಣು ಕಿರಿದಾಯಿತು. ಮನೆಗೆ ಬಂದವರೇ ಪಿಸುಗುಟ್ಟಿದರು. “ಇವನೂ ಫಿಲ್ಟರ್ ಕಂಪನಿಯವನೂ ಷಾಮೀಲು ಕಣೇ.”

ಅಂದಿನಿಂದ ಡಬ್ಬಿಗಳ ಸಹವಾಸ ಬಿಟ್ಟು, ತೊಟ್ಟಿಯ ನೀರನ್ನು ದಿನಾ ಒಂದಿಷ್ಟು ತೆಗೆದು, ತಮ್ಮ ನಂಬಿಕಸ್ಥ ಫಿಲ್ಟರಿನ ನೀರನ್ನೇ ಉಪ್ಪು ಬೆರೆಸಿ ತುಂಬತೊಡಗಿದರು. ಆರೈಕೆ ಹೆಚ್ಚಿದಷ್ಟೂ ಪುಟ್ಟಕ್ಕ ಮುದುಡಿದಳು. ಕೊನೆಗೆ ಹೆಬ್ಬೆರಳಿನಷ್ಟಾಗಿ ಕಲ್ಲಿಗೆ ಅಂಟಿಕೊಂಡಳು.

“ನೀವೇ ಹೇಳ್ತಿರ್ತೀರಲ್ಲ” ಎಂದಳು ಹೆಂಡತಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. “ಒಬ್ಬರ ಮುಖ ಒಬ್ಬರು ನೋಡಿರದ ಮೂರು ಜನ ಒಂದೇ ಮಾತು ಹೇಳಿದ್ರೆ ಅದು ನಿಜ ಅಂತ.”

“ಅದು ಮನುಷ್ಯರ ವಿಷಯ. ಇವು ಡಬ್ಬಿಗಳು.”

ಹೆಂಡತಿ ಮಾತು ಬೆಳೆಸಲಿಲ್ಲ. ಅವಳು ಸುಮ್ಮನಾದಾಗಲೇ ಸಾಹೇಬರು ಅನುಮಾನಪಡಬೇಕಿತ್ತು. ಪಡಬೇಕಾದ ಕಡೆ ಪಟ್ಟರೆ ಅವರು ಅವರಾಗುತ್ತಿರಲಿಲ್ಲ.

ಮರುದಿನ ಡ್ಯೂಟಿ ಮುಗಿಸಿ ಬಂದಾಗ ಮೇಜಿನ ಮೇಲೆ ಸಸ್ಪೆಂಡಾದ ಡಬ್ಬಿಗಳು ಹಾಜರಿದ್ದವು. ಕೊಳವೆಗಳಲ್ಲಿ ನೀರು ತಿಳಿಯಾಗಿತ್ತು, ಮೀಟರು ಸೊನ್ನೆ ತೋರಿಸುತ್ತಿತ್ತು.

“ಹೇಗೆ ದಾರಿಗೆ ಬಂದ್ವು ನೋಡಿದ್ಯಾ?” ಸಾಹೇಬರು ಎದೆಯುಬ್ಬಿಸಿದರು. “ಒಂದಿಷ್ಟು ದಿನ ಮೂಲೆಗೆ ಕೂರಿಸಿದ್ರೆ ಎಲ್ಲರಿಗೂ ಬುದ್ಧಿ ಬರತ್ತೆ. ಶುದ್ಧ ನೀರಿಗೆ ಈಗ ಶುದ್ಧ ಅಂತಿವೆ.”

“ಅದು ಕೆಳಗಿನ ಮನೆಯವರ ಫಿಲ್ಟರ್ ನೀರು” ಎಂದಳು ಹೆಂಡತಿ.

ಸಾಹೇಬರ ಎದೆ ಉಬ್ಬಿದಲ್ಲೇ ನಿಂತಿತು. ಅವಳು ಅಡುಗೆಮನೆಗೆ ಹೋಗಿ ಕಪ್ಪು ಟೇಪನ್ನು ಪರ್ರನೆ ಕಿತ್ತಳು. ಅದರಡಿ ಕೆಂಪು ದೀಪ, ಪಾಪ, ಯಾರೂ ನೋಡದಿದ್ದರೂ ತನ್ನ ಪಾಡಿಗೆ ಉರಿಯುತ್ತಲೇ ಇತ್ತು.

“ಡಬ್ಬಿಯಲ್ಲಿದ್ದೋರೆಲ್ಲ ಟಿಕೆಟ್ ತಗೊಂಡಿದ್ರು ರೀ. ತಗೊಳ್ಳದೆ ಕೂತಿದ್ದೋನು ಈ ಫಿಲ್ಟರೊಬ್ಬನೇ. ಇವನಿಗೆ ಮುಸುಕು ಹಾಕಿ, ಕಿಟಕಿ ಪಕ್ಕ ಸೀಟು ಕೊಟ್ಟು ಕೂರಿಸಿದ್ದೋರು ನೀವು.”

ಅಂದಿನಿಂದ ಸಾಹೇಬರು ಕೆಳಗಿನ ಮನೆಯಿಂದ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಿದರು. ಎದುರುಮನೆಯವರು ಬಾಗಿಲಲ್ಲಿ ನಿಂತು ನಕ್ಕರು. ಈ ಸಲ ಆ ನಗುವಿನಲ್ಲಿ ಅನುಮಾನಪಡುವಂಥದ್ದೇನೂ ಇರಲಿಲ್ಲ. ಕೊನೆಗೊಂದು ಬೆಳಿಗ್ಗೆ ದೀಪ ಹಾಕಿದಾಗ ಪುಟ್ಟಕ್ಕ ಒಂದೇ ಒಂದು ಬೆರಳು ಬಿಚ್ಚಿ ಅಲ್ಲಾಡಿಸಿದಳು. ಹೆಂಡತಿ ಅಲ್ಲೇ ಕೂತು ಅತ್ತುಬಿಟ್ಟಳು. ಬಕೆಟ್ಟು ಹೊತ್ತದ್ದಕ್ಕೆ ಸಾಹೇಬರ ಬಾಯಿ ಒಣಗಿತ್ತು.

“ಒಂದು ಲೋಟ ನೀರು ಕೊಡೇ.”

ತುಂಬಿದ ಲೋಟ ಬಂತು. ತುಟಿಗಿಡುವ ಮುಂಚೆ ಅವರ ಕೈ ತಡೆಯಿತು.

“ಯಾವ ನೀರಿದು?”

“ಯಾಕೆ, ನೀವೇ ಶುದ್ಧ ಅಂತ ಸಾಕ್ಷಿ ಹೇಳಿದ್ರಲ್ಲ” ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಲೇ. “ಉಪ್ಪು ತಿಂದೋರು ನೀರು ಕುಡೀಲೇಬೇಕು.”

ಸಾಹೇಬರು ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಹೋಗಿ ಟೆಸ್ಟ್ ಕಿಟ್ ತಂದರು.