ಯಾಕಣ್ಣನ ದೋಣಿಗೊಂದು ಟ್ರಾಲಿ

ತೊಂದರೆ ಶುರುವಾದದ್ದು ಟೀಚರಮ್ಮನ ಬಲಗಾಲಿನ ಕಿರುಬೆರಳಿನಿಂದ.

ಭಾನುವಾರ ಬೆಳಗ್ಗೆ ಏಳೂವರೆಗೆ ಅವರು ಹಾಲಿನ ಚೀಲ ಹಿಡಿದು ಮೂರನೇ ಮಹಡಿಯಿಂದ ಇಳಿದರು. ಕೊನೆಯ ಮೆಟ್ಟಿಲು ದಾಟಿ ತಿರುಗುವಾಗ, ಮೆಟ್ಟಿಲ ಕೆಳಗಿಂದ ಗೇಣುದ್ದ ಹೊರಗೆ ಚಾಚಿಕೊಂಡಿದ್ದ ಒಂದು ಹಸಿರು ಮೂತಿಗೆ ಬೆರಳು ಬಡಿಯಿತು. ಆ ಮೂತಿ ಯಾಕಣ್ಣನ ಕಯಾಕ್‌ನದು. ಕಯಾಕ್ ಅಂದರೆ ಬೇರೇನಲ್ಲ, ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿ. ಉದ್ದ ಹತ್ತಡಿ, ಅಗಲ ಒಬ್ಬ ಮನುಷ್ಯನ ಸೊಂಟಕ್ಕಿಂತ ಸ್ವಲ್ಪ ಹೆಚ್ಚು. ಮೀನು ಹಿಡಿಯಲೆಂದೇ ಮಾಡಿದ್ದು ಎಂದು ಮಾರಿದವನು ಹೇಳಿದ್ದ. ಮೀನುಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಟೀಚರಮ್ಮ ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದವರು, ಈಗ ಆ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರಿಗೆ ನೋವಾದರೆ ಅದು ಅವರೊಬ್ಬರ ನೋವಾಗಿ ಉಳಿಯುತ್ತಿರಲಿಲ್ಲ, ನಿಯಮವಾಗುತ್ತಿತ್ತು. ಕುಂಟುತ್ತಲೇ ಹೋಗಿ ನೆಲಮಹಡಿಯ ಬಾಗಿಲು ಬಡಿದರು.

ಬಾಗಿಲು ತೆರೆದ ಯಾಕಣ್ಣ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವನು. ಕಂಡದ್ದಕ್ಕೆಲ್ಲ ‘ಯಾಕೆ?’ ಎಂದು ಕೇಳುವ ಚಾಳಿಯಿಂದ ಆ ಹೆಸರು ಬಂದಿತ್ತು. ನೀರಿನ ಪಂಪು ಕೆಟ್ಟರೆ ಬೇರೆಯವರು ಬೈದುಕೊಂಡು ಬಕೆಟ್ ಹೊರುತ್ತಿದ್ದರು. ಇವನು ರಿಪೇರಿಯವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವನ ಕೆಲಸವನ್ನು ಎರಡು ಗಂಟೆ ತಡ ಮಾಡುತ್ತಿದ್ದ.

“ರೀ, ಈ ದೋಣಿ ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?”

“ಎಂಟು ತಿಂಗಳು, ಮೇಡಂ. ಯಾಕೆ?”

“ಎಂಟು ತಿಂಗಳಲ್ಲಿ ಎಷ್ಟು ಮೀನು ತಂದ್ರಿ?”

ಯಾಕಣ್ಣ ಚಾವಣಿ ನೋಡಿದ.

“ಮೆಟ್ಟಿಲ ಕೆಳಗೆ ಬಳಕೆಯಲ್ಲಿರೋ ಸಾಮಾನು ಮಾತ್ರ ಇಡಬೇಕು ಅಂತ ನಿಯಮ ಇದೆ. ಸೈಕಲ್ ಓಡುತ್ತೆ, ಇರ್ಲಿ. ಮಗು ಗಾಡಿ ಓಡುತ್ತೆ, ಇರ್ಲಿ. ಇದೇನು ಮಾಡುತ್ತೆ? ನನ್ನ ಬೆರಳು ಮುರಿಯುತ್ತೆ. ಇವತ್ತು ಸಂಜೆ ಆರು ಗಂಟೆ ಒಳಗೆ ಒಂದು ಮೀನು ಹಿಡಿದು ತೋರಿಸಿ. ಇಲ್ಲಾಂದ್ರೆ ನಾಳೆ ಬೆಳಗ್ಗೆ ಗುಜರಿಯವನನ್ನ ಕರೀತೀನಿ.”

ಯಾಕಣ್ಣನ ಮನೆಯ ಅತಿ ಉದ್ದದ ಗೋಡೆ ಒಂಬತ್ತಡಿ. ದೋಣಿಗೆ ಬೇರೆ ಜಾಗವೇ ಇರಲಿಲ್ಲ. ವಾರದಲ್ಲಿ ಆರು ದಿನ, ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಊರಿನವರ ಕಣ್ಣಿನ ಚಾಕರಿ. ಭಾನುವಾರ ಒಂದು ದಿನ ಕೆರೆಯ ನಡುವೆ ಕೂತಾಗ ಮಾತ್ರ ತನ್ನ ಕಣ್ಣು ತನ್ನದು ಅನ್ನಿಸುತ್ತಿತ್ತು. ದೋಣಿ ಹೋದರೆ ಆ ಭಾನುವಾರವೂ ಹೋದ ಹಾಗೆ.

ಮೀನು ಯಾಕೆ ಸಿಗುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕೆರೆಯ ಮೇಲೆ ಸದಾ ಗಾಳಿ. ಗಾಳಿ ಬಂದಾಗ ತೂರಿಕೊಳ್ಳಬೇಕು ಅನ್ನುತ್ತಾರೆ, ಆದರೆ ಅಲ್ಲಿ ಗಾಳಿಯೇ ಇವನನ್ನು ತೂರುತ್ತಿತ್ತು. ಲಂಗರು ಹಾಕಿ ಅದರ ಹಗ್ಗವನ್ನು ಕೈಗೆಟಕುವ ಕಡೆ, ಅಂದರೆ ತಾನು ಕೂತ ಪಕ್ಕದಲ್ಲೇ ಕಟ್ಟಿದರೆ ದೋಣಿ ಗಾಳಿಗೆ ಅಡ್ಡಲಾಗಿ ನಿಲ್ಲುತ್ತಿತ್ತು, ಅಲೆಗಳೆಲ್ಲ ಮಡಿಲಿಗೇ ಬರುತ್ತಿದ್ದವು. ಮೂತಿಗೆ ಕಟ್ಟಿದರೆ ನೆಟ್ಟಗೆ ನಿಲ್ಲುತ್ತದೆ, ಆದರೆ ಮೂತಿಗೆ ಕೈ ಎಟಕುವುದಿಲ್ಲ. ಎಟಕಿಸಲು ಹೋಗಿ ಎರಡು ಸಲ ಮಗುಚಿಕೊಂಡು ಕೆರೆಯ ನೀರು ಕುಡಿದು ಬಂದಿದ್ದ.

ಇದಕ್ಕೆ ಮದ್ದೆಂದು ಆಂಕರ್ ಟ್ರಾಲಿ ಎಂಬುದನ್ನು ತರಿಸಿದ್ದ. ದೋಣಿಯ ಮೂತಿಯ ಹತ್ತಿರ ಒಂದು ರಾಟೆ, ಬಾಲದ ಹತ್ತಿರ ಒಂದು ರಾಟೆ, ಎರಡನ್ನೂ ಸುತ್ತಿಕೊಂಡು ಪಕ್ಕದುದ್ದಕ್ಕೂ ಓಡುವ ದಾರ, ದಾರದಲ್ಲೊಂದು ಉಂಗುರ. ಲಂಗರಿನ ಹಗ್ಗವನ್ನು ಉಂಗುರದೊಳಗೆ ತೂರಿಸಿ, ಕೂತಲ್ಲೇ ದಾರ ಎಳೆದರೆ ಉಂಗುರ ಮೂತಿಗೆ ಹೋಗುತ್ತದೆ, ಇನ್ನೊಂದು ಕಡೆ ಎಳೆದರೆ ಬಾಲಕ್ಕೆ. ಅಷ್ಟೇ. ಆದರೂ ಅದರ ಡಬ್ಬಿ ಮೂರು ವಾರದಿಂದ ಮಂಚದ ಕೆಳಗೇ ಇತ್ತು. ಸೂಚನೆಯ ಹಾಳೆಯ ಎರಡನೇ ಸಾಲಿನಲ್ಲೇ ಯಾಕಣ್ಣ ‘ಯಾಕೆ?’ ಎಂದು ನಿಂತುಬಿಟ್ಟಿದ್ದ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ,” ಎಂದಳು ಹೆಂಡತಿ, ಡಬ್ಬಿ ಎಳೆದುಕೊಡುತ್ತಾ. “ಇವತ್ತಾದ್ರೂ ಕೂರಿಸ್ರೀ. ದೋಣಿ ಹೋದ್ರೆ ನನಗೂ ಬೇಜಾರೇ. ಭಾನುವಾರ ಮನೆ ಎಷ್ಟು ಶಾಂತವಾಗಿರುತ್ತೆ ಗೊತ್ತಾ?”

ಅಂಗಳದಲ್ಲಿ ಎರಡು ಕುರ್ಚಿಗಳ ಮೇಲೆ ದೋಣಿಯನ್ನು ಬೋರಲು ಹಾಕಿ ಯಾಕಣ್ಣ ಡ್ರಿಲ್ ಒತ್ತಿದ. ಆ ಸದ್ದಿಗೆ ಮೊದಲು ಬಂದವರು ಎರಡನೇ ಮಹಡಿಯ ಸರ್ವೆ ಮಾವ. ಭೂಮಿ ಅಳೆಯುವ ಇಲಾಖೆಯಿಂದ ನಿವೃತ್ತರಾದರೂ ಟೇಪು ಜೇಬಿನಿಂದ ನಿವೃತ್ತವಾಗಿರಲಿಲ್ಲ.

“ಅಳತೆ ಇಲ್ದೆ ತೂತಾ? ನಿಲ್ಸಪ್ಪಾ, ನಿಲ್ಸು! ನೀನು ಬಲಗೈಯವನು ತಾನೇ? ಹಾಗಾದ್ರೆ ಟ್ರಾಲಿ ಬಲಗಡೆ ಬರ್ಬೇಕು.”

ಅವರು ದೋಣಿಯ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಬಲಗಡೆ ಯಾವುದೆಂದು ಗೊತ್ತುಮಾಡಿ, ಟೇಪು ಎಳೆದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಅಷ್ಟರಲ್ಲಿ ಮೊದಲ ಮಹಡಿಯ ಹಲ್ಲಿನ ಡಾಕ್ಟ್ರು ಇಳಿದು ಬಂದರು.

“ಡ್ರಿಲ್ ಹಾಗಾ ಹಿಡಿಯೋದು? ಇಪ್ಪತ್ತೆರಡು ವರ್ಷದಿಂದ ತೂತು ಕೊರೀತಾ ಇದ್ದೀನಿ. ಕೊಡಿ ಇಲ್ಲಿ. ಟಾರ್ಚ್ ಹಿಡೀರಿ, ಇನ್ನೂ ಹತ್ರ. ಹಾಂ… ಅಲುಗಾಡಬಾರದು,” ಎಂದು ಅವರು ದೋಣಿಗೆ ಹೇಳಿದರು.

“ಡಾಕ್ಟ್ರೇ, ಮೊದಲು ಸಣ್ಣ ತೂತು ಮಾಡಿ ಆಮೇಲೆ ದೊಡ್ಡದು ಮಾಡ್ತೀರಲ್ಲ, ಯಾಕೆ?”

“ಹಲ್ಲಿಗೂ ಹಾಗೇ ಮಾಡೋದು.”

“ಹಲ್ಲಿಗೆ ಯಾಕೆ ಹಾಗೆ?”

ಇದುವರೆಗೆ ಯಾವ ರೋಗಿಯೂ ಈ ಪ್ರಶ್ನೆ ಕೇಳಿರಲಿಲ್ಲ, ಕೇಳಲು ಬಾಯಿ ಖಾಲಿ ಇರುತ್ತಿರಲಿಲ್ಲ. ಡಾಕ್ಟ್ರಿಗೆ ಖುಷಿಯಾಗಿ, ಡ್ರಿಲ್ ತಿರುಗಿಸುತ್ತಲೇ ಯಾಕಣ್ಣನ ಕಡೆ ತಿರುಗಿ ವಿವರಿಸತೊಡಗಿದರು. ವಿವರಣೆ ಮುಗಿದಾಗ ಪೆನ್ಸಿಲ್ ಗುರುತು ಇಲ್ಲದ ಕಡೆ ಒಂದು ಸೊಗಸಾದ ತೂತು ಆಗಿತ್ತು.

ಸರ್ವೆ ಮಾವ ಹಣೆ ಚಚ್ಚಿಕೊಂಡರು. ಡಾಕ್ಟ್ರು ಮಾತ್ರ ಅಲುಗಾಡಲಿಲ್ಲ. “ಏನೂ ಆಗಿಲ್ಲ. ಫಿಲ್ಲಿಂಗ್ ಮಾಡ್ತೀನಿ.” ಡಬ್ಬಿಯಲ್ಲಿದ್ದ ಅಂಟು ತುಂಬಿ ಬೆರಳಿನಿಂದ ನುಣ್ಣಗೆ ಮಾಡಿದರು. “ಎರಡು ಗಂಟೆ ನೀರು ತಾಗಿಸಬೇಡಿ. ಬಿಸಿದೂ ಬೇಡ, ತಣ್ಣಗಿರೋದೂ ಬೇಡ.”

ರಾಟೆಯ ಬೋಲ್ಟಿಗೆ ಒಳಗಿನಿಂದ ನಟ್ಟು ಹಾಕಬೇಕಿತ್ತು. ಯಾಕಣ್ಣ ದೋಣಿಯ ಪೊಳ್ಳು ಹೊಟ್ಟೆಯ ಸಣ್ಣ ಮುಚ್ಚಳ ತೆಗೆದು, ಭುಜದವರೆಗೆ ಕೈ ತೂರಿಸಿದ. ನಟ್ಟು ಜಾರಿ ಒಳಗೆ ಬಿತ್ತು. ತಡಕಾಡಿ ಹಿಡಿದ. ಹಿಡಿದ ಮೇಲೆ ಕೈ ಹೊರಗೆ ಬರಲಿಲ್ಲ.

“ಮುಷ್ಟಿ ಬಿಡಿ,” ಎಂದಳು ಹೆಂಡತಿ.

“ಬಿಟ್ರೆ ನಟ್ಟು ಮತ್ತೆ ಬಿದ್ದೋಗುತ್ತೆ.”

“ಬಿಡದೇ ಇದ್ರೆ ನಾಳೆ ಗುಜರಿಯವನು ನಿಮ್ಮನ್ನೂ ಸೇರಿಸಿ ತೂಕ ಹಾಕ್ತಾನೆ!”

ಪಾತ್ರೆ ತೊಳೆಯುವ ಸೋಪು ಸುರಿದು ಅವಳೇ ಕೈ ಎಳೆದಳು. ಆಮೇಲೆ ತನ್ನ ಸಣ್ಣ ಕೈ ಹಾಕಿ, ಎಂಟೂ ನಟ್ಟುಗಳನ್ನು ಹತ್ತೇ ನಿಮಿಷದಲ್ಲಿ ತಿರುಗಿಸಿ ಮುಗಿಸಿದಳು. ನಾಲ್ಕು ಜನ ಸೇರಿ ದೋಣಿಯನ್ನು ಎತ್ತಿ ನೆಟ್ಟಗೆ ಮಗುಚಿದರು. ಬಲಗಡೆ ಇರಬೇಕಾಗಿದ್ದ ಟ್ರಾಲಿ ಎಡಗಡೆ ಇತ್ತು.

“ನನ್ನ ಅಳತೆ ಸರಿ ಇದೆ,” ಎಂದರು ಸರ್ವೆ ಮಾವ. “ದೋಣಿ ತಿರುಗಿದೆ, ಅದಕ್ಕೆ ನಾನೇನು ಮಾಡ್ಲಿ?”

“ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ,” ಎಂದು ಹೆಂಡತಿ ಗೊಣಗಿದಳು. ಮತ್ತೆ ಕೊರೆಯಲು ಹೊತ್ತಿರಲಿಲ್ಲ. ಎಡಗೈಯೂ ಕೈಯೇ ತಾನೇ ಎಂದು ಯಾಕಣ್ಣ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಫಿಲ್ಲಿಂಗ್ ಒಣಗಿ, ನಾಲ್ವರೂ ದೋಣಿ ಹೊತ್ತು ಕೆರೆ ಸೇರುವಾಗ ನಾಲ್ಕು ಗಂಟೆ. ದಡದಲ್ಲಿ ಟೀಚರಮ್ಮ ಆಗಲೇ ಮಡಚುವ ಕುರ್ಚಿ ಹಾಕಿಕೊಂಡು, ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದರು.

“ದಾರೀಲಿ ಮೀನಿನ ಅಂಗಡಿ ಇದೆ ಅಂತ ನನಗೂ ಗೊತ್ತು. ಮೂವತ್ತು ವರ್ಷ ಪರೀಕ್ಷೆ ಕೋಣೆಯಲ್ಲಿ ನಿಂತಿದ್ದೀನಿ ರೀ. ಹೊರಡಿ.”

ಯಾಕಣ್ಣ ತೇಲುವ ಅಂಗಿ ತೊಟ್ಟು ಹುಟ್ಟು ಹಾಕಿದ. ನೂರು ಮಾರು ದೂರ ಹೋಗಿ, ಗಾಳಕ್ಕೆ ಹುಳ ಸಿಕ್ಕಿಸಿ ಎಸೆದು, ಕೋಲನ್ನು ಬೆನ್ನ ಹಿಂದಿನ ಕೊಳವೆಯಲ್ಲಿ ನೆಟ್ಟ. ಲಂಗರಿನ ಹಗ್ಗವನ್ನು ಉಂಗುರದೊಳಗೆ ತೂರಿಸಿ ಕೆಳಗೆ ಬಿಟ್ಟ. ಅದು ತಳ ಕಚ್ಚಿತು. ಎಂದಿನಂತೆ ದೋಣಿ ಅಡ್ಡಲಾಯಿತು, ಎಂದಿನಂತೆ ಒಂದು ಅಲೆ ಮಡಿಲಿಗೆ ಬಂತು. ಅವನು ಎಡಗೈಯಲ್ಲಿ ದಾರ ಎಳೆದ.

ಉಂಗುರ ಸರಸರನೆ ಮೂತಿಯ ಕಡೆ ಓಡಿತು. ಏನೂ ಆಗಲಿಲ್ಲ. ಆಮೇಲೆ, ಯಾರೋ ನೀರಿನೊಳಗಿಂದ ಕತ್ತು ಹಿಡಿದು ತಿರುಗಿಸಿದ ಹಾಗೆ, ದೋಣಿ ನಿಧಾನವಾಗಿ ತನ್ನ ಮುಖವನ್ನು ಗಾಳಿಗೆ ತಿರುಗಿಸಿ ಸುಮ್ಮನೆ ನಿಂತಿತು. ಅಲೆಗಳು ಎರಡು ಪಕ್ಕಕ್ಕೂ ಸೀಳಿ ಹೋದವು. ಮಡಿಲಿಗೆ ಒಂದು ಹನಿಯೂ ಬೀಳಲಿಲ್ಲ.

ಯಾಕಣ್ಣನ ಮೈ ಜುಮ್ಮೆಂದಿತು. ಹಾಳೆಯಲ್ಲಿ ಓದಿದ್ದು ಬೇರೆ, ಹೀಗೆ ಕೂತಲ್ಲೇ ಮೈಗೆ ಗೊತ್ತಾಗುವುದು ಬೇರೆ. ಇನ್ನು ಮೀನಿನ ಕಡೆ ನೋಡುವುದಷ್ಟೇ ಬಾಕಿ. ಆದರೆ ಅಷ್ಟರಲ್ಲಿ ಒಂದು ಪ್ರಶ್ನೆ ಬಂತು. ಉಂಗುರವನ್ನು ಬಾಲಕ್ಕೆ ಕಳಿಸಿದರೆ?

ಕಳಿಸಿದ. ದೋಣಿ ಪೂರ್ತಿ ತಿರುಗಿ ಗಾಳಿಗೆ ಬೆನ್ನು ಕೊಟ್ಟಿತು. ಅರ್ಧಕ್ಕೆ ನಿಲ್ಲಿಸಿದರೆ? ಒಂದು ಅಲೆ ಮಡಿಲಿಗೆ ಬಂತು. ಯಾಕಣ್ಣ ನಕ್ಕ. ಅರ್ಧಕ್ಕಿಂತ ಒಂದು ಗೇಣು ಮುಂದೆ ಇಟ್ಟರೆ? ದೋಣಿ ಓರೆಯಾಗಿ ನಿಂತಿತು. ಎರಡು ಗೇಣು ಇಟ್ಟರೆ? ಹುಟ್ಟು ಮುಟ್ಟದೆ, ಎಡಗೈಯ ಎರಡೇ ಬೆರಳಿನಲ್ಲಿ, ದಡ, ಮರ, ನೀರಿನ ಟ್ಯಾಂಕು, ಮತ್ತೆ ದಡ, ಬೇಕಾದದ್ದರ ಕಡೆ ಮುಖ ಮಾಡಬಹುದಿತ್ತು.

ಐದು ಗಂಟೆಯ ಮೇಲೆ ದಡದಲ್ಲಿ ಗದ್ದಲವೆದ್ದಿತು. ಅವನ ಬೆನ್ನ ಹಿಂದಿನ ಕೋಲು ಬಿಲ್ಲಿನಂತೆ ಬಾಗಿತ್ತು.

“ಮೀನು! ಹಿಂದೆ! ಹಿಂದೆ!” ಎಂದು ಡಾಕ್ಟ್ರು ಕುಣಿದಾಡಿದರು. ಸರ್ವೆ ಮಾವ ಟೇಪು ಬೀಸಿದರು.

ಗಾಳಿಯಲ್ಲಿ ‘ಹಿಂದೆ’ ಎಂಬುದಷ್ಟೇ ಅವನಿಗೆ ಕೇಳಿಸಿತು. ಉಂಗುರ ಹಿಂದಕ್ಕೆ ಕಳಿಸಲು ಹೇಳುತ್ತಿದ್ದಾರೆ, ಪಾಪ, ಅವರಿಗೂ ಕುತೂಹಲ, ಎಂದುಕೊಂಡು ಯಾಕಣ್ಣ ಕೈಬೀಸಿ, ಉಂಗುರವನ್ನು ಬಾಲಕ್ಕೆ ಕಳಿಸಿದ. ದೋಣಿ ಗರ್ರನೆ ತಿರುಗಿತು. ಗಾಳದ ದಾರ ಲಂಗರಿನ ಹಗ್ಗಕ್ಕೆ ಸುತ್ತಿಕೊಂಡು ಪಟ್ಟೆಂದು ಹರಿಯಿತು. ಆಗ ಹಿಂದೆ ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದೂ ತಪ್ಪು, ತುತ್ತು ಬಂದದ್ದೇ ಕೈಗೆ ಗೊತ್ತಿರಲಿಲ್ಲ.

ಇನ್ನೊಂದು ಗಾಳ ಕಟ್ಟಿ ಕೂತ. ಮೀನಿಗೆ ಮತ್ತೆ ಬರುವ ಮನಸ್ಸಾಗಲಿಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಬರಿಗೈಯಲ್ಲಿ ದಡ ಮುಟ್ಟಿದ. ನಾಳೆ ಈ ಹೊತ್ತಿಗೆ ದೋಣಿ ಗುಜರಿ ಅಂಗಡಿಯಲ್ಲಿ ತುಂಡಾಗಿರುತ್ತದೆ ಎಂದುಕೊಂಡ.

“ಮೇಡಂ, ಮೀನು…”

“ಅದಿರ್ಲಿ,” ಎಂದರು ಟೀಚರಮ್ಮ. ಅವರು ಕುರ್ಚಿ ಬಿಟ್ಟು ನೀರಿನಂಚಿಗೆ ಬಂದಿದ್ದರು. “ನೀವು ಹುಟ್ಟು ಮುಟ್ಟಲೇ ಇಲ್ಲ, ನಾನು ನೋಡ್ತಾನೇ ಇದ್ದೆ. ಒಂದು ಸಲ ನಿಮ್ಮ ಮುಖ ಕಾಣುತ್ತೆ, ಒಂದು ಸಲ ಬೆನ್ನು. ಅದು ಹೇಗೆ ತಿರುಗಿತು?”

ಯಾಕಣ್ಣ ದುಃಖ ಮರೆತು ಹೇಳತೊಡಗಿದ. ಟೀಚರಮ್ಮ ಬ್ಯಾಂಡೇಜು ನೆನೆಯುವುದನ್ನೂ ಲೆಕ್ಕಿಸದೆ ದೋಣಿಯ ಪಕ್ಕ ಕೂತು, ದಾರ ಎಳೆದರು. ಉಂಗುರ ಓಡಿತು. “ಅಯ್ಯೋ!” ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕರು. ಮತ್ತೆ ಎಳೆದರು. ಡಾಕ್ಟ್ರು, ಸರ್ವೆ ಮಾವ, “ನಂಗೊಂದ್ಸಲ, ನಂಗೊಂದ್ಸಲ,” ಎಂದು ನುಗ್ಗಿದರು. ಆಮೇಲೆ ಮೂವರೂ ಮರದ ಕೆಳಗೆ ಹೋಗಿ ಸಭೆ ಸೇರಿದರು. ಹೆಂಡತಿಯನ್ನೂ ಕೂಗಿ ಕರೆದುಕೊಂಡರು. ಯಾಕಣ್ಣ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ನಿಂತ.

ಟೀಚರಮ್ಮ ಒಂದು ಹಾಳೆ ಹಿಡಿದು ಬಂದರು. “ದೋಣಿ ಮೆಟ್ಟಿಲ ಕೆಳಗೇ ಇರ್ಲಿ. ಬಳಕೆಯಲ್ಲಿರೋ ಸಾಮಾನು ಅಂತ ಸಂಘ ಒಪ್ಪಿದೆ.”

ಯಾಕಣ್ಣನಿಗೆ ಅವರ ಕಾಲು ಹಿಡಿದುಬಿಡೋಣ ಅನ್ನಿಸಿತು, ಕಿರುಬೆರಳಿನ ನೆನಪಾಗಿ ಬಿಟ್ಟ.

“ಬಳಕೆ ಹೇಗೆ ಅಂದ್ರೆ, ಮೊದಲನೇ ಭಾನುವಾರ ನಾನು. ಎರಡನೇ ಭಾನುವಾರ ಡಾಕ್ಟ್ರು. ಮೂರನೇ ಭಾನುವಾರ ಸರ್ವೆಯವರು.”

“ಎಲ್ಲಾ ಭಾನುವಾರಾನೇ ಯಾಕೆ, ಮೇಡಂ? ನೀವೂ ಮಾವನೂ ರಿಟೈರ್ ಆಗಿದ್ದೀರಿ. ಸೋಮವಾರ, ಮಂಗಳವಾರ…”

“ಸೋಮವಾರ ನೀವು ಅಂಗಡೀಲಿ ಇರ್ತೀರಲ್ಲ! ದಡದಲ್ಲಿ ನಿಂತು ನಮಗೆ ಹೇಳಿಕೊಡೋರು ಯಾರು? ನಿಮ್ಮ ರಜಾ ನೋಡಿಯೇ ಹಾಕಿದ್ದು.”

“ಹಾಗಾದ್ರೆ ನಾನು ಯಾವಾಗ…”

“ಸೋಮವಾರದಿಂದ ಶನಿವಾರದವರೆಗೆ ಪೂರ್ತಿ ನಿಮ್ಮದೇ. ಆರು ದಿನ! ಇಷ್ಟು ಬೇರೆ ಯಾರಿಗೂ ಕೊಟ್ಟಿಲ್ಲ.”

ಯಾಕಣ್ಣ ಬೆರಳು ಮಡಚಿ ಎಣಿಸಿದ. ಮೂರು ಹೋದರೂ ಒಂದು ಉಳಿಯಿತಲ್ಲ! ಪ್ರಾಣ ಬಂದ ಹಾಗಾಯಿತು. “ನಾಲ್ಕನೇ ಭಾನುವಾರ?”

ಟೀಚರಮ್ಮ ಹಾಳೆ ನೋಡುವಷ್ಟರಲ್ಲಿ ಹೆಂಡತಿ ಹತ್ತಿರ ಬಂದು, ದೋಣಿಯ ದಾರವನ್ನು ಮೆಲ್ಲಗೆ ಎಳೆದು ನೋಡಿದಳು.

“ಅದು ನಂದು ರೀ. ಅಲ್ಲಾ, ಗಾಳಿ ಜೋರಾದಾಗ ಈ ಉಂಗುರ ಮೂತಿಯಿಂದ ಹಿಂದಕ್ಕೆ ಜಾರಲ್ವಲ್ಲ, ಯಾಕೆ?”

ಯಾಕಣ್ಣನಿಗೆ ಅಳು ಬಂತು. ಆದರೆ ಪ್ರಶ್ನೆ ಒಳ್ಳೆಯದಾಗಿತ್ತು. ಅವನು ಅವಳ ಪಕ್ಕ ಕೂತು, ದಾರ ಕೈಗೆ ತೆಗೆದುಕೊಂಡು, ಹೇಳಿಕೊಡಲು ಶುರುಮಾಡಿದ.