ಮೇಲಿನ ಗೆರೆ ದಾಟಿದ ಆಯಿಲ್

ಬಡಿಸುವವರ ಕೈ ತಡೆಯುವುದು ನಮ್ಮ ಕಡೆ ಸುಲಭವಲ್ಲ. ಎಲೆಗೆ ಅಂಗೈ ಅಡ್ಡ ಹಿಡಿದರೆ ಬೆರಳಸಂದಿಯಲ್ಲೇ ಸಾರು ಸುರಿಯುತ್ತಾರೆ. ಸಾಕು ಎಂಬ ಮಾತನ್ನು ಮದ್ದೂರಿನಲ್ಲಿ ಯಾರೂ ನಂಬುವುದಿಲ್ಲ. ‘ಇರಲಿ ಅಂತ’ ಇನ್ನೊಂದು ಸೌಟು ಬೀಳುತ್ತದೆ. ಚಿಕ್ಕಂದಿನಿಂದಲೂ ನನಗೆ ಈ ಪದ್ಧತಿ ಕಂಡರಾಗದು. ರಸಾಯನಶಾಸ್ತ್ರ ಓದಿ ಅದನ್ನೇ ಕಾಲೇಜಿನಲ್ಲಿ ಕಲಿಸುವವಳು ನಾನು; ಅಳತೆ ಅಂದರೆ ಅಳತೆ. ಇಂಥ ನಾನು ಕಾರಿನ ಇಂಜಿನ್ನಿಗೆ ಮಿತಿಮೀರಿ ಆಯಿಲ್ ಸುರಿದೆ ಎಂಬುದನ್ನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತಿದ್ದೇನೆ. ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ.

ಕಾರು ಅಪ್ಪನದು. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಈಗ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆರಡು ಸಲ ಮಂಡ್ಯಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಓಡಿಸುವುದು ನಾನು, ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುವುದು ಅವರು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ ಅದನ್ನು ಅಳೆದು ಬಾಟಲಿಗೆ ತುಂಬಿಡುವವಳೂ ನಾನೇ. ಮಧ್ಯಾಹ್ನದ ಹೊತ್ತಿಗೆ ಅಪ್ಪ ಆ ಬಾಟಲಿಯನ್ನು ನೋಡುವ ರೀತಿಯನ್ನು ಬರೆಯಲಾರೆ.

ಕಾರು ದಾರಿಯಲ್ಲಿ ನಿಂತರೆ ಆವತ್ತಿನ ಪಾಳಿ ತಪ್ಪುತ್ತದೆ, ಪಾಳಿ ತಪ್ಪಿದರೆ ಅಪ್ಪನಿಗೆ ಉಸಿರು ಕಟ್ಟುತ್ತದೆ. ಇದು ನನ್ನ ನಿತ್ಯದ ಭಯ. ಮಳವಳ್ಳಿಯ ಸೋದರಮಾವ ಅದನ್ನು ಇನ್ನಷ್ಟು ಬೆಳೆಸಿದ್ದರು. ಆಯಿಲ್ ಇಲ್ಲದೆ ಅವರ ಕಾರಿನ ಇಂಜಿನ್ ಹಿಡಿದುಕೊಂಡು ಕೆಟ್ಟುನಿಂತ ಕಥೆಯನ್ನು ಅವರು ಮನೆಯ ಸಾವಿನ ಸುದ್ದಿಯಂತೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಹಾಗಾಗಿ ಮಂಡ್ಯದಿಂದ ಬಂದು ಕಾರು ನಿಲ್ಲಿಸಿದ ಕೂಡಲೇ ನಾನು ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡುತ್ತಿದ್ದೆ. ಆಯಿಲ್ ಕೆಳಗಿನ ಗೆರೆಯ ಹತ್ತಿರ ಇರುತ್ತಿತ್ತು. ಸ್ವಲ್ಪ ಸುರಿಯುತ್ತಿದ್ದೆ. ಇಂಜಿನ್ ಓಡುವಾಗ ಮೇಲೇರಿದ ಆಯಿಲ್, ಅದು ನಿಂತ ಬಳಿಕ ಕೆಳಗಿಳಿಯಲು ಸ್ವಲ್ಪ ಹೊತ್ತು ಬೇಕು, ಆಮೇಲೆ ಅಳೆಯಬೇಕು ಎಂಬುದು ನನಗೆ ಹೊಳೆಯಲಿಲ್ಲ. ದ್ರಾವಣ ತಿಳಿಯಾಗುವವರೆಗೆ ಕಾಯಿರಿ ಎಂದು ವಿದ್ಯಾರ್ಥಿಗಳನ್ನು ಗದರುವವಳು ನಾನು.

ಕಳೆದ ತಿಂಗಳು ಮಂಡ್ಯಕ್ಕೆ ಹೋಗುವಾಗ ಹನಕೆರೆಯ ಹತ್ತಿರ ಕಾರು ನೀಲಿ ಹೊಗೆ ಬಿಟ್ಟಿತು. ಹಿಂದಿದ್ದ ಬಸ್ಸು ನಮ್ಮ ಹೊಗೆಯೊಳಗೆ ಮರೆಯಾಯಿತು. ರಸ್ತೆ ಬದಿಯ ಗ್ಯಾರೇಜಿಗೆ ಹೇಗೋ ತಲುಪಿದೆವು. ಮೆಕ್ಯಾನಿಕ್ ಅನ್ವರಣ್ಣ ಬಾನೆಟ್ ತೆರೆದಿಟ್ಟು, ಬಹಳ ಹೊತ್ತು ಬೇರೆ ಕೆಲಸ ಮಾಡಿಕೊಂಡಿದ್ದು, ಆಮೇಲೆ ಕಡ್ಡಿ ಎಳೆದರು. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಏರಿತ್ತು.

“ಯಾರಮ್ಮ ಉಯ್ದೋರು?”

ಸ್ವಲ್ಪ ಹಾಕಿದ್ದೆ ಎಂದೆ.

“ಇದು ಸ್ವಲ್ಪ ಅಲ್ಲ ಕಣಮ್ಮ. ಜಾಸ್ತಿ ಉಯ್ದ್ರೆ ಒಳಗೆ ಕಡ್ದು ಕಡ್ದು ನೊರೆ ಆಯ್ತದೆ. ನೊರೆ ಆದ್ರೆ ಎಣ್ಣೆ ಇದ್ದೂ ಇಲ್ದಂಗೆ. ಸೀಲು ಒಡ್ದೋಯ್ತದೆ. ಇನ್ನೊಸಿ ದೂರ ಓಡ್ಸಿದ್ರೆ ಇಂಜಿನ್ನೇ ಓಗೋದು.”

ಅವರು ಕೆಳಗೆ ತೂರಿ ಆಯಿಲ್ ಬಸಿಯತೊಡಗಿದರು. ಕಪ್ಪು ಧಾರೆ ಡಬ್ಬಕ್ಕೆ ಇಳಿಯುವುದನ್ನು ಅಪ್ಪ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು.

“ಇದ್ಕೂ ಡಯಾಲಿಸಿಸ್ಸು ನೋಡು,” ಎಂದರು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು, “ಬೆಳಿಗ್ಗೆ ನೀನು ಸ್ನಾನಕ್ಕೋಗಿದ್ದಾಗ ನಾನೂ ಒಸಿ ಉಯ್ದೆ ಕಣವ್ವ. ಇರ್ಲಿ ಅಂತ,” ಎಂದರು.

ಕಡ್ಡಿ ನೋಡಿದಿರಾ ಎಂದು ಕೇಳಿದೆ. ನೋಡಿರಲಿಲ್ಲ. ಈಗ ತಾವು ಓಡಿಸಲಾಗದ ಕಾರಿಗೆ ಅವರು ಮಾಡಬಹುದಾಗಿದ್ದ ಉಪಚಾರ ಅದೊಂದೇ ಆಗಿತ್ತು. ನಾನು ಸುರಿದದ್ದನ್ನು ಅವರಿಗೆ ಹೇಳಿರಲಿಲ್ಲ, ಅವರೂ ನನಗೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮಾತಿಗೆ ಮಾತ್ರ ಬಿಗಿ ಅಳತೆ.

ಪುಣ್ಯಕ್ಕೆ ಇಂಜಿನ್ ಉಳಿಯಿತು. ಪಾಳಿ ತಪ್ಪಲು ಸ್ವಲ್ಪವೇ ಹೊತ್ತಿದ್ದಾಗ ಮಂಡ್ಯದ ಆಸ್ಪತ್ರೆ ಸೇರಿದೆವು. ಅಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ ಸಿಸ್ಟರ್ ಹುಬ್ಬು ಗಂಟಿಕ್ಕಿದರು. ತೂಕ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಮೈಯಲ್ಲಿ ಅಷ್ಟೂ ನೀರು. ಮನೆಯಲ್ಲಿ ಇವರಿಗೆ ಮೇಲೆ ಮೇಲೆ ಕುಡಿಯಲು ಕೊಡುವವರು ಯಾರು ಎಂದು ಅವರು ನಮ್ಮಿಬ್ಬರನ್ನೂ ನೋಡಿ ಕೇಳಿದರು.

ಮೂರು ದಿನದಿಂದ ಸಂಜೆಯಾದರೆ ಅಪ್ಪ ಖಾಲಿ ಬಾಟಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ನಾನು ಒಂದು ಲೋಟ ಮಜ್ಜಿಗೆ ಅವರ ಕೈಗಿಟ್ಟು ಆ ಕಡೆ ತಿರುಗಿಕೊಳ್ಳುತ್ತಿದ್ದೆ. ಅಳೆದಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿದರು: “ನಾನೇ ಕದ್ದು ಕುಡ್ದೆ ಕಣವ್ವ. ನನ್ ಮಗಳು ಬಲು ಕಟ್ಟುನಿಟ್ಟು, ಅವಳ ಅಳತೆ ತಪ್ಪಾಕಿಲ್ಲ.”

ಸಿಸ್ಟರ್ ನಂಬಿದರು. ನಾನು ಗೋಡೆಯ ಮೇಲಿನ ಸೂಚನೆಗಳನ್ನು ಮೊದಲಿನಿಂದ ಓದತೊಡಗಿದೆ.