ಎಡಗಡೆಯ ಸೀಟು

ಅನಾಹುತಕ್ಕೆಲ್ಲ ಕಾರಣ, ಶನಿವಾರ ಸಂಜೆ ಕ್ರಾಂತಿಕುಮಾರ ಆಡಿದ ಒಂದು ಮರ್ಯಾದೆಯ ಮಾತು. ಕೂಡ್ಲಿಗಿಯ ತನ್ನ ಓಣಿಯಲ್ಲಿ ಅವನು ಕಾರು ತೊಳೆಯುತ್ತಿದ್ದಾಗ ಎದುರು ಮನೆಯ ಪಕ್ಕೀರಮ್ಮ, "ನಾಳಿ ಯಾ ಕಡಿಗೆ ಸವಾರಿ?" ಎಂದು ಕೇಳಿದಳು. "ಕೊಟ್ಟೂರು, ಹರಪನಹಳ್ಳಿ, ಹೊಳಲು, ಹಡಗಲಿ, ಹಗರಿಬೊಮ್ಮನಹಳ್ಳಿ, ತಿರುಗಿ ಇಲ್ಲಿಗೆ," ಎಂದ ಕ್ರಾಂತಿ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. "ಬೇಕಾದ್ರ ನೀವೂ ಬರ್ರಿ ದೊಡ್ಡವ್ವ," ಎಂದು ಸೇರಿಸಿದ. ಉಣ್ಣುವ ಹೊತ್ತಿಗೆ ಬಾಗಿಲಿಗೆ ಬಂದವರನ್ನು "ಊಟಕ್ಕ ಏಳ್ರಿ" ಅನ್ನುವುದಿಲ್ಲವೇ, ಹಾಗೆ. ಅಂಥ ಮಾತಿಗೆ "ಇನ್ನೊಮ್ಮೆ ನೋಡೋಣು ಬಿಡಪ್ಪ" ಎನ್ನುವುದು ಕೇಳಿಸಿಕೊಂಡವರ ಧರ್ಮ. ಪಕ್ಕೀರಮ್ಮ ಆ ಧರ್ಮವನ್ನು ಪಾಲಿಸಲಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ, ರ್‍ಯಾಲಿ ಹೊರಡುವ ಮೈದಾನದಲ್ಲಿ, ಇಳಕಲ್ ಸೀರೆ ಉಟ್ಟು ಕರ್ಚಿಕಾಯಿ ಡಬ್ಬಿ ಹಿಡಿದು ಕಾರಿನ ಪಕ್ಕದಲ್ಲೇ ನಿಂತಿದ್ದಳು. ಹೊಳಲಿನಲ್ಲಿ ಅವಳ ಮಗಳ ಮನೆ.

ಕಾರು ಓಡಿಸುವವನು ಕ್ರಾಂತಿಯಲ್ಲ, ಅವನ ತಂಗಿ ಸಮತಾ. ಇಪ್ಪತ್ತೆರಡು ವರ್ಷದ ಹುಡುಗಿ. ಅವಳಿಗೆ ಆಟಿಸಂ ಇದೆ. ಹೊಸಬರಿಗೆ ಅದನ್ನು ತಾನೇ ಮೊದಲು ಹೇಳಿಬಿಡುತ್ತಾಳೆ, ಹೆಸರಿನ ಜೊತೆ ಊರು ಹೇಳುವ ಹಾಗೆ: "ನಾನು ಸಮತಾ. ನನಗ ಆಟಿಸಂ ಐತಿ. ಜೋರಾಗಿ ಮಾತಾಡಬ್ಯಾಡ್ರಿ, ಹೆಗಲು ಮುಟ್ಟಬ್ಯಾಡ್ರಿ. ರೇಸಿನಾಗ ನಾನು ಗೆಲ್ತೀನಿ." ಕೊನೆಯ ಮಾತಿನಲ್ಲಿ ಜಂಬ ಇರುವುದಿಲ್ಲ. ಇವತ್ತು ಭಾನುವಾರ ಅನ್ನುವಷ್ಟೇ ಸಹಜವಾಗಿ ಹೇಳುತ್ತಾಳೆ, ಮತ್ತು ಸಾಮಾನ್ಯವಾಗಿ ಗೆಲ್ಲುತ್ತಾಳೆ.

ಈ ಹವ್ಯಾಸಿ ರ್‍ಯಾಲಿಯಲ್ಲಿ ಜೋರಾಗಿ ಓಡಿಸಿದವರಿಗೆ ಬಹುಮಾನವಿಲ್ಲ. ಯಾವ ದಾರಿಯಲ್ಲಿ ಎಷ್ಟು ವೇಗದಿಂದ ಹೋಗಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ; ನಡುನಡುವೆ ರ್‍ಯಾಲಿಯವರು ಮರೆಯಲ್ಲಿ ಗಡಿಯಾರ ಹಿಡಿದು ಕೂತಿರುತ್ತಾರೆ. ಒಂದು ಸೆಕೆಂಡು ಮೊದಲು ಬಂದರೂ ದಂಡ, ತಡವಾದರೂ ದಂಡ. ಮದುವೆ ಊಟದ ಲೆಕ್ಕ: ಬೇಗ ಹೋದರೆ ಎಲೆ ಹಾಕಿರುವುದಿಲ್ಲ, ತಡವಾದರೆ ಎಲೆಗೆ ಏನೂ ಬೀಳುವುದಿಲ್ಲ. ಶನಿವಾರದ ಸುತ್ತಿನಲ್ಲಿ ಸಮತಾ ಮೊದಲಿದ್ದಳು. ಹರಪನಹಳ್ಳಿಯ ಹಲ್ಲಿನ ಡಾಕ್ಟರ ಜೋಡಿ ಎರಡೇ ಸೆಕೆಂಡು ಹಿಂದಿತ್ತು. ಗೆದ್ದವರಿಗೆ ರಾಜ್ಯಮಟ್ಟದ ರ್‍ಯಾಲಿಗೆ ಪ್ರವೇಶ.

ಎಡಗಡೆಯ ಸೀಟು ಕ್ರಾಂತಿಯದು. ದಾರಿ ಪುಸ್ತಕ ನೋಡಿ ದೂರ, ತಿರುವು, ವೇಗ ಓದಿ ಹೇಳುವುದು ಅವನ ಕೆಲಸ; ರ್‍ಯಾಲಿಯ ಮಾತಿನಲ್ಲಿ ನ್ಯಾವಿಗೇಟರ್. ತಾಲೂಕು ಕಚೇರಿಯಲ್ಲಿ ಟಪಾಲು ಓದಿ ಓದಿ ಅವನ ದನಿಯಲ್ಲಿ ಏರಿಳಿತವೇ ಉಳಿದಿರಲಿಲ್ಲ. ಅವನು ಮಾತಿಗೆ ತೊಡಗಿದರೆ ಕಚೇರಿಯವರು ಆಕಳಿಸುತ್ತಿದ್ದರು. ಆದರೆ ತಾಸುಗಟ್ಟಲೆ ಕೇಳಿದರೂ ಸಮತಾಳಿಗೆ ತಲೆನೋವು ತರಿಸದ ದನಿ ಜಗತ್ತಿನಲ್ಲಿ ಅದೊಂದೇ. ತನ್ನಿಂದಲೇ ಆಗಬೇಕಾದ ಒಂದು ಕೆಲಸವಿದೆ ಎಂಬುದು ಕ್ರಾಂತಿಗೆ ಬಹಳ ದೊಡ್ಡ ಸುಖವಾಗಿತ್ತು. ಆ ಸೀಟು ಹೋದರೆ ಬದುಕಿನಲ್ಲಿ ಉಳಿಯುವುದು ಟಪಾಲು ಮಾತ್ರ.

ಈಗ ಪಕ್ಕೀರಮ್ಮನಿಗೆ ಬೇಡ ಅನ್ನಬೇಕು. ಬಾಯಿ ಬರಲಿಲ್ಲ. "ರೂಲ್ಸಿನಾಗ ಇಲ್ಲ ದೊಡ್ಡವ್ವ, ಬ್ಯಾರೆಯವರು ಕುಂಡ್ರಂಗಿಲ್ಲ," ಎಂದು ನಿಯಮದ ಹಿಂದೆ ಅಡಗಿದ.

"ಹಂಗಿಲ್ಲ," ಎಂದಳು ಸಮತಾ ಸ್ಟೇರಿಂಗ್ ಒರೆಸುತ್ತ. "ಹದಿನಾಕನೇ ರೂಲು. ಹಿಂದಿನ ಸೀಟಿನಾಗ ಇಬ್ಬರು ಕುಂಡ್ರಬಹುದು."

"ನೋಡಪ, ನಿನಗ ಗೊತ್ತಿಲ್ಲ," ಎಂದು ಪಕ್ಕೀರಮ್ಮ ಹಿಂದೆ ಹತ್ತಿದಳು.

"ಬೆಲ್ಟ್ ಹಾಕ್ಕೋಬೇಕು. ನಾನು ಕೇಳಿದಾಗಷ್ಟ ಮಾತಾಡಬೇಕು," ಎಂದಳು ಸಮತಾ.

"ಆತು ಬಿಡವ್ವ," ಎಂದ ಪಕ್ಕೀರಮ್ಮ ನಿಜವಾಗಿಯೂ ಬಾಯಿ ಮುಚ್ಚಿ ಕೂತಳು. ಓಣಿಯಲ್ಲಿ ಯಾರೂ ಕಂಡಿರದ ದೃಶ್ಯ ಅದು.

ಕೊಟ್ಟೂರಿನಲ್ಲಿ ಹತ್ತು ನಿಮಿಷ ತಂಗುವುದಿತ್ತು. ಅಲ್ಲಿ ಕ್ರಾಂತಿಯ ಸಹೋದ್ಯೋಗಿ ಗುರುಬಸವರಾಜ ಒಂದು ಮೂಟೆಯ ಪಕ್ಕ ಕಾದು ನಿಂತಿದ್ದ. "ಹರಪನಹಳ್ಳ್ಯಾಗ ನಮ್ಮ ತಂಗಿ ಹಂಪಮ್ಮಂದು ಕುಬುಸ ಐತ್ರಿ ಇವತ್ತು. ಬಂದವರಿಗೆ ಒಗ್ಗರಣಿ ಹಾಕಾಕ ಮಂಡಕ್ಕಿ. ಬಸ್ಸಿನಾಗ ಹಾಕಿದ್ರ ಪುಡಿ ಆಕ್ಕತಿ. ನೀವು ಹೆಂಗೂ ಕಾರಿನಾಗ ಹೊಂಟೀರಿ," ಎಂದ.

ಕ್ರಾಂತಿ ಆಸೆಯಿಂದ ತಂಗಿಯ ಮುಖ ನೋಡಿದ. "ಮೂಟಿ ಬಗ್ಗೆ ರೂಲು ಏನೂ ಇಲ್ಲ," ಎಂದಳು ಸಮತಾ. "ನೀನ ಹೇಳಬೇಕು."

ಕ್ರಾಂತಿ ಹೂಂ ಎಂದ. ಹಿಂದೆ ಪಕ್ಕೀರಮ್ಮ, ಡಬ್ಬಿ. ಹೀಗಾಗಿ ಮೂಟೆ ಅವನ ತೊಡೆಯೇರಿತು. ಮೂಟೆಯ ಮೇಲೆ ದಾರಿ ಪುಸ್ತಕ, ಪುಸ್ತಕದ ಮೇಲೆ ಕ್ರಾಂತಿಯ ಗದ್ದ. ಊರು ದಾಟಿ ರಸ್ತೆಯ ಐದನೇ ಹಂಪಿನಲ್ಲಿ ಕಾರು ಕುಲುಕಿ ಮೂಟೆಯ ಹೊಲಿಗೆ ಬಿಚ್ಚಿತು.

ಮಂಡಕ್ಕಿ ಕೆಳಗೆ ಬೀಳುವ ಪದಾರ್ಥವಲ್ಲ, ಹಾರುವ ಪದಾರ್ಥ. ಗಾಜು, ಗೇರಿನ ಹಿಡಿ, ಕ್ರಾಂತಿಯ ಕನ್ನಡಕ, ಅಂಗಿಯ ಒಳಗೆಲ್ಲ ಮಂಡಕ್ಕಿಯೇ. ಪುಸ್ತಕ ಎಲ್ಲೋ ಅದರಡಿ ಹೂತುಹೋಯಿತು.

"ಅಣ್ಣ, ಮುಂದ?" ಎಂದಳು ಸಮತಾ.

"ತಡಿಯವ್ವ, ಮಂಡಕ್ಕಿ ಐತಿ."

"ಅದು ಕಾಣತೈತಿ. ಎಡಕ್ಕೋ ಬಲಕ್ಕೋ?"

ಕ್ರಾಂತಿ ಎರಡು ಕೈಯಿಂದ ಅಗೆಯುತ್ತಲೇ ಇದ್ದ. ಸಮತಾ ಕನ್ನಡಿಯಲ್ಲಿ ಹಿಂದೆ ನೋಡಿ, "ದೊಡ್ಡವ್ವ, ನಿಮಗೇನರ ಗೊತ್ತೈತಾ?" ಎಂದು ಕೇಳಿದಳು.

ಕೇಳಿದ ಮೇಲೆ ಪಕ್ಕೀರಮ್ಮ ಬಾಯಿ ಬಿಟ್ಟಳು. ಮೂವತ್ತು ವರ್ಷ ಸಂತೆಯಿಂದ ಸಂತೆಗೆ ಒಣಮೆಣಸಿನಕಾಯಿ ಮಾರಿಕೊಂಡು ಇದೇ ದಾರಿಯಲ್ಲಿ ತಿರುಗಿದವಳು ಅವಳು. "ಹರಪನಹಳ್ಳಿಗಂದ್ರ ಎಡಕ್ಕ ಹೊಳ್ಳವ್ವ. ಮುಂದ ಎರಡು ಹಂಪು, ಒಂದು ಸಣ್ಣ ಸೇತುವಿ. ಅಲ್ಲಿ ರಸ್ತೆ ಕಿತ್ತೈತಿ, ಸಾವಕಾಶ."

ಎರಡು ಹಂಪು ಬಂದವು, ಸೇತುವೆ ಬಂತು, ಕಿತ್ತ ರಸ್ತೆಯೂ ಬಂತು. "ಮೂರು ಸೆಕೆಂಡು ಹೋತು," ಎಂದಳು ಸಮತಾ. ಬೈಯಲಿಲ್ಲ. ಬೈದಿದ್ದರೆ ಕ್ರಾಂತಿಗೆ ಸಮಾಧಾನವಾಗುತ್ತಿತ್ತು.

ಹರಪನಹಳ್ಳಿಯಲ್ಲಿ ಇಪ್ಪತ್ತು ನಿಮಿಷದ ವಿಶ್ರಾಂತಿ. ಉಳಿದ ಅರ್ಧ ಮೂಟೆ ಹೊತ್ತು ಕ್ರಾಂತಿ ಹೊರಟಾಗ ಸಮತಾ ಗಡಿಯಾರ ತೋರಿಸಿದಳು. "ಎಂಟು ಐವತ್ತೆರಡಕ್ಕ ಬಿಡಬೇಕು. ನೀ ಇಲ್ಲಂದ್ರೂ ಬಿಡ್ತೀನಿ."

"ಹಿಂಗ ಹೋಗಿ ಹಂಗ ಬಂದೆ," ಎಂದ ಕ್ರಾಂತಿ.

ಕುಬುಸದ ಮನೆ ಅಲ್ಲೇ ಬೀದಿಯ ತಿರುವಿನಲ್ಲಿತ್ತು. ಹಸಿರು ಸೀರೆಯುಟ್ಟ ಹಂಪಮ್ಮ ಅರ್ಧ ಮೂಟೆ ನೋಡಿ, "ನಮ್ಮಣ್ಣ ಇಷ್ಟ ಕಳಿಸ್ಯಾನ?" ಎಂದಳು. ಕ್ರಾಂತಿಯ ತಲೆಗೂದಲಲ್ಲಿದ್ದ ಮಂಡಕ್ಕಿ ನೋಡಿ ಮುಂದೆ ಕೇಳಲಿಲ್ಲ. "ಇರ್ಲಿ. ತಿಂಡಿ ಪಂಕ್ತಿ ಕುಂತೈತಿ, ನೀವೂ ಕುಂಡ್ರಿ."

"ಟೈಮ್ ಇಲ್ಲವ್ವ, ರ್‍ಯಾಲಿ ಐತಿ."

"ಬಸುರಿ ಹೆಂಗಸಿನ ಮಾತು ಮೀರ್ತೀರೇನ್ರಿ?"

ಮೀರುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕ್ರಾಂತಿ ಕೂತ. ಶಿರಾ ಬಂತು, ಉಪ್ಪಿಟ್ಟು ಬಂತು, ಮತ್ತೆ ಶಿರಾ ಬಂತು. ಎಂಟು ನಲವತ್ತೆಂಟಕ್ಕೆ ಅವನ ಎಲೆ ಖಾಲಿಯಾಯಿತು. ಆದರೆ ಪಂಕ್ತಿಯ ತುದಿಯಲ್ಲಿ ಹಲ್ಲಿಲ್ಲದ ಹಿರಿಯರೊಬ್ಬರು ಶಿರಾದೊಳಗಿನ ಗೋಡಂಬಿಯ ಜೊತೆ ಸಂಧಾನ ನಡೆಸಿದ್ದರು. ಅವರು ಏಳುವ ತನಕ ಯಾರೂ ಏಳುವಂತಿಲ್ಲ. ಗೋಡಂಬಿ ಎಂಟು ಐವತ್ಮೂರಕ್ಕೆ ಶರಣಾಯಿತು.

ಕ್ರಾಂತಿ ಎಂಜಲು ಕೈಯಲ್ಲೇ ಬೀದಿಗೆ ಓಡಿದ. ಸಮತಾಳ ಬಿಳಿ ಮಾರುತಿ ಆಗಲೇ ಸರ್ಕಲ್ ದಾಟುತ್ತಿತ್ತು. ಎಡಗಡೆಯ ಸೀಟಿನಲ್ಲಿ ಪಕ್ಕೀರಮ್ಮ ಬೆಲ್ಟ್ ಬಿಗಿದುಕೊಂಡು, ಮಡಿಲಲ್ಲಿ ದಾರಿ ಪುಸ್ತಕ ತೆರೆದು ಕೂತಿದ್ದಳು. ವಿಶ್ರಾಂತಿಯ ಜಾಗದಲ್ಲಿ ಸಹಿ ಹಾಕಿ ನ್ಯಾವಿಗೇಟರ್ ಬದಲಿಸಬಹುದು ಎಂಬುದು ಇಪ್ಪತ್ತೆರಡನೇ ನಿಯಮವಂತೆ. ಕಿಟಕಿಯಿಂದ ಮಂಡಕ್ಕಿ ಹಾರುತ್ತಿತ್ತು.

ಕೂಡ್ಲಿಗಿಗೆ ಹೊರಟ ಬಸ್ಸಿನಲ್ಲಿ ಕ್ರಾಂತಿ ಮೊದಲು ದುಃಖಪಟ್ಟ, ಆಮೇಲೆ ಸಿಟ್ಟಾದ, ಕೊನೆಗೆ ಶಪಥ ಮಾಡಿದ. ಇನ್ನು ಮೇಲೆ ಯಾರು ಏನು ಕೇಳಿದರೂ ಒಂದೇ ಉತ್ತರ. ಪಕ್ಕದವನು "ಸ್ವಲ್ಪ ಸರಕೊಳ್ರಿ" ಎಂದ. "ಆಗಂಗಿಲ್ಲ," ಎಂದ ಕ್ರಾಂತಿ. ಆಕಾಶವೇನೂ ಕಳಚಿ ಬೀಳಲಿಲ್ಲ. ಕೊಟ್ಟೂರಿನ ನಿಲ್ದಾಣದಲ್ಲಿ, ಹರಪನಹಳ್ಳಿ ಬಸ್ಸಿಗೆ ಕಾದಿದ್ದ ಗುರುಬಸವರಾಜ ಕಿಟಕಿಗೆ ಬಂದು, "ನಾಳಿ ನಾನು ರಜಾ, ನನ್ನ ಟಪಾಲೂ ಸ್ವಲ್ಪ ನೋಡ್ಕೊಳ್ರಿ," ಎಂದ. "ಆಗಂಗಿಲ್ಲ." ಆ ಮಾತು ನಾಲಿಗೆಗೆ ಬಿಸಿ ಜಿಲೇಬಿಯಷ್ಟು ಹಿತವಾಗಿತ್ತು. ಕೂಡ್ಲಿಗಿಯಲ್ಲಿ ಇಳಿಯುವ ಹೊತ್ತಿಗೆ ಕ್ರಾಂತಿಯ ಎದೆ ಎರಡು ಇಂಚು ಅಗಲವಾಗಿತ್ತು.

ಮಧ್ಯಾಹ್ನ ಕಾರುಗಳು ಒಂದೊಂದಾಗಿ ಮೈದಾನಕ್ಕೆ ಬಂದವು. ಸಮತಾ ತನ್ನ ನಿಮಿಷಕ್ಕೆ ಸರಿಯಾಗಿ ಬಂದು, ಗಾಜು ಏರಿಸಿ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಗದ್ದಲದ ನಂತರ ಅವಳಿಗೆ ಅರ್ಧ ತಾಸು ಹಾಗೇ ಬೇಕು. ಯಾರೂ ಗಾಜು ತಟ್ಟಬಾರದು. ಪಕ್ಕೀರಮ್ಮ ಮಾತ್ರ ಇಳಿದು ಜನರ ನಡುವೆ ನಿಂತಿದ್ದಳು. "ಹೊಳಲಾಗ ಮಗಳು ಬಾಗಿಲಾಗ ನಿಂತಿದ್ಲು. ನಿಲ್ಲಸಾಕ ಟೈಮ್ ಎಲ್ಲೈತಿ? ಮುಂದಿನ ವಾರ ಬರ್ತೀನಂತ ಕೈ ಮಾಡಿದೆ," ಎಂದು ಕರ್ಚಿಕಾಯಿ ಹಂಚುತ್ತಿದ್ದಳು.

ಸಮತಾ ಕಣ್ಣು ತೆರೆದಾಗ, ರ್‍ಯಾಲಿಯ ಉಸ್ತುವಾರಿ ಹೊತ್ತ ನಿವೃತ್ತ ಮೇಷ್ಟ್ರು ಬೊಮ್ಮಯ್ಯ ಅವಳ ಕಿಟಕಿಯ ಹತ್ತಿರ ಏನೋ ಬರೆದುಕೊಂಡರು. ಅಲ್ಲಿಂದ ನೇರ ಕ್ರಾಂತಿಯ ಹತ್ತಿರ ಬಂದರು.

"ಕ್ರಾಂತಿ, ಒಂದು ಮಾತು ಕೇಳೋದೈತಿ."

"ಆಗಂಗಿಲ್ರಿ ಮೇಷ್ಟ್ರ."

"ಪೂರ್ತಿ ಕೇಳಪಾ ಮೊದಲು."

"ಪೂರ್ತಿ ಕೇಳಿದ್ರ ನಾನು ಹೂಂ ಅಂತೀನಿ. ಅದಕ್ಕ ಕೇಳಂಗಿಲ್ಲ."

"ಖರೇನ ಬ್ಯಾಡೇನು?"

"ಖರೇನ ಬ್ಯಾಡ್ರಿ. ಬರಕೊಳ್ರಿ ಬೇಕಾದ್ರ."

ಬೊಮ್ಮಯ್ಯ ಬರೆದುಕೊಂಡರು. ಸಮತಾಳ ಕಿಟಕಿಗೆ ಹೋಗಿ ಎರಡು ಮಾತಾಡಿ, ಮೊಬೈಲಿನಲ್ಲಿ ಏನೋ ಒತ್ತಿದರು. ಕ್ರಾಂತಿ ಜೇಬಿನಲ್ಲಿ ಕೈಯಿಟ್ಟು ಸೀಟಿ ಹಾಕುತ್ತ ನಿಂತಿದ್ದ.

ಫಲಿತಾಂಶ ಮೈಕಿನಲ್ಲಿ ಬಂತು. ಹರಪನಹಳ್ಳಿಯಿಂದ ಕೂಡ್ಲಿಗಿವರೆಗೆ ಸಮತಾಳಿಗೆ ಬರೀ ಒಂದು ಸೆಕೆಂಡು ದಂಡ, ಡಾಕ್ಟರ ಜೋಡಿಗೆ ಐದು. ಸಮತಾ ಮೊದಲು, ಹಲ್ಲಿನ ಡಾಕ್ಟರು ಎರಡನೆಯವರು. ಕ್ರಾಂತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. "ರಾಜ್ಯಮಟ್ಟಕ್ಕೆ ನಮ್ಮ ಜೋಡಿ: ಚಾಲಕಿ ಸಮತಾ, ನ್ಯಾವಿಗೇಟರ್ ಪಕ್ಕೀರಮ್ಮ," ಎಂದರು ಬೊಮ್ಮಯ್ಯ. ಚಪ್ಪಾಳೆ ಅರ್ಧಕ್ಕೇ ನಿಂತಿತು.

ಟ್ರೋಫಿ ಹಿಡಿದು ಸಮತಾ ತಾನೇ ಹತ್ತಿರ ಬಂದಳು. "ರಾಜ್ಯಮಟ್ಟಕ್ಕ ನಾನು ಬರೆಸಿದ್ದು ನಿನ್ನ ಹೆಸರು. ದೊಡ್ಡವ್ವ ದಾರಿ ಚಲೋ ಹೇಳ್ತಾಳ, ಆದ್ರ ನನಗ ನಿನ್ನ ದನಿ ರೂಢಿ ಐತಿ. ನಿನ್ನ ಒಪ್ಪಿಗಿ ಕೇಳಾಕ ಮೇಷ್ಟ್ರು ಬಂದಿದ್ರು. ನೀ ಬ್ಯಾಡ ಅಂದಿ ಅಂತ. ನಾನು ಎರಡು ಸಲ ಕೇಳಿದೆ, ಖರೇ ಅಂದ್ರು."

ಕ್ರಾಂತಿ ಬೊಮ್ಮಯ್ಯನವರ ಕಡೆ ತಿರುಗಿ ನೋಡಿದ.

"ನೀ ಯಾರಿಗೂ ಬ್ಯಾಡ ಅನ್ನೋದಿಲ್ಲ," ಎಂದಳು ಸಮತಾ. "ನನ್ನ ಬಾಜೂ ಕುಂಡ್ರೋದೂ ಹಂಗ, ಬ್ಯಾಡ ಅನ್ನಾಕ ಬರದ ಕುಂಡ್ರತೀಯೇನೋ ಅಂತ ನನಗ ಯಾವಾಗಲೂ ಅನಸ್ತಿತ್ತು. ಇವತ್ತು ಖರೇ ಹೇಳಿದಿ. ನನಗ ಬಾಳ ಖುಷಿ ಆತು." ಟ್ರೋಫಿ ಕೊಟ್ಟಾಗಲೂ ನಗದಿದ್ದವಳು ಈಗ ನಕ್ಕಳು.

"ಇಲ್ಲವ್ವ ಸಮತಾ," ಎಂದ ಕ್ರಾಂತಿ. ದನಿ ಮೊದಲ ಸಲ ಏರಿಳಿಯುತ್ತಿತ್ತು. "ನನಗ ಬರಬೇಕು ಅನಸತೈತಿ. ಆಣಿ ಮಾಡ್ತೀನಿ, ನಿನ್ನ ಬಾಜೂ ಕುಂಡ್ರೋದಂದ್ರ ನನಗ ಬಾಳ ಇಷ್ಟ."

ಸಮತಾ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕನಿಕರದಿಂದ ತಲೆಯಾಡಿಸಿದಳು.

"ನೋಡು, ಮತ್ತ ಮರ್ಯಾದಿಗೆ ಹೂಂ ಅನ್ನಾಕ ಹತ್ತಿದಿ," ಎಂದು ಹೆಡ್‌ಫೋನ್ ಏರಿಸಿಕೊಂಡು ಕಾರಿನ ಕಡೆ ನಡೆದಳು.